ರೆಕಾರ್ಡಮ್ಮ ಬರೆದುಕೊಂಡದ್ದು

ನ್ಯಾಯಾಲಯದಲ್ಲಿ ಅವಳಿಗೆ ರೆಕಾರ್ಡಮ್ಮ ಎಂಬ ಹೆಸರಿತ್ತು. ವಕೀಲರು ಇಟ್ಟ ಹೆಸರು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಬೆನ್ನ ಹಿಂದೆ ಕರೆಯುವಾಗಲೂ ದನಿ ತಗ್ಗಿಸುತ್ತಿದ್ದರು. ಇಪ್ಪತ್ತೆಂಟು ವರ್ಷ ಅವಳು ಅಲ್ಲಿ ಶೀಘ್ರಲಿಪಿಗಾರ್ತಿಯಾಗಿದ್ದಳು. ಅದರಲ್ಲಿ ಹನ್ನೊಂದು ವರ್ಷ ನಾನು ನ್ಯಾಯಾಧೀಶೆಯಾಗಿ ಕೂರುತ್ತಿದ್ದ ಪೀಠದ ಕೆಳಗಿನ ಮೇಜು ಅವಳದು. ಸಾಕ್ಷಿ ತಡವರಿಸಿದ್ದು, ವಕೀಲ ಆಡಬಾರದ್ದನ್ನು ಆಡಿ ನಾಲಿಗೆ ಕಚ್ಚಿಕೊಂಡದ್ದು, ನಾನು ತಾಳ್ಮೆ ಕಳೆದುಕೊಂಡದ್ದು, ಎಲ್ಲವೂ ಅವಳ ಹಾಳೆಯಲ್ಲಿರುತ್ತಿತ್ತು. ಒಮ್ಮೆ ಒಬ್ಬ ಹಿರಿಯ ವಕೀಲ ಪಡಸಾಲೆಯಲ್ಲಿ ಅವಳನ್ನು ಅಡ್ಡಗಟ್ಟಿ, ಬೆಳಿಗ್ಗೆ ಬಾಯಿತಪ್ಪಿ ಬಂದ ಒಂದು ಮಾತನ್ನು ಬಿಟ್ಟುಬಿಡುವಂತೆ ಕೇಳಿಕೊಂಡ. ಅವಳು ಹೇಳಿದ್ದಿಷ್ಟು:

"ಕಿವಿಗೆ ಬಿದ್ದಿದ್ದು ಹಾಳೆಗೆ ಬೀಳತ್ತೆ ಸಾರ್. ಬೇಡ ಅನ್ನೋದಿದ್ರೆ ಬಾಯಲ್ಲೇ ಇಟ್ಕೋಬೇಕಿತ್ತು."

ಶೀಘ್ರಲಿಪಿ ತಿಳಿಯದವರ ಕಣ್ಣಿಗೆ ಅದು ಕೋಳಿ ಕೆದರಿದ ನೆಲ. ಬರೀ ಗೆರೆ, ಕೊಕ್ಕೆ, ಚುಕ್ಕೆ. ಕಲಿಯುವಾಗ ಎಲ್ಲರದೂ ಒಂದೇ ಆಗಿರುತ್ತದೆ. ಹತ್ತು ವರ್ಷ ಬರೆದ ಮೇಲೆ ಒಬ್ಬೊಬ್ಬರದು ಒಂದೊಂದು ದಾರಿ ಹಿಡಿಯುತ್ತದೆ. ಅವಳದಂತೂ ಸವೆದು ಸವೆದು ಎಷ್ಟು ಚಿಕ್ಕದಾಗಿತ್ತೆಂದರೆ, ಅದನ್ನು ಓದಬಲ್ಲವನು ಇಡೀ ಕಟ್ಟಡದಲ್ಲಿ ಒಬ್ಬನೇ ಇದ್ದ. ಇಪ್ಪತ್ತು ವರ್ಷ ಅವಳ ಹಾಳೆ ನೋಡಿ ಟೈಪ್ ಮಾಡಿದ ಟೈಪಿಸ್ಟ್. ಮೆತ್ತಗಿನ ಮನುಷ್ಯ, ಸಕ್ಕರೆ ಕಾಯಿಲೆಯವನು. ಅವರಿಬ್ಬರದು ಸ್ನೇಹವೇ ಎಂದು ಕೇಳಿದರೆ ಹೇಳಲಾರೆ. ಅವನ ತಪ್ಪುಗಳಿಗೆ ಅವಳು ಕೆಂಪು ಗೆರೆ ಎಳೆಯುತ್ತಿದ್ದಳು, ಅವನು ಎಳೆಸಿಕೊಳ್ಳುತ್ತಿದ್ದ.

ಅವಳಿಗೆ ಇದ್ದ ಸಂಸಾರವೆಂದರೆ ತಮ್ಮ. ಅಪ್ಪ ಅಮ್ಮ ಒಂದೇ ವರ್ಷದಲ್ಲಿ ತೀರಿಕೊಂಡಾಗ ಅವಳಿಗೆ ಇಪ್ಪತ್ತೆರಡು, ತಮ್ಮನಿಗೆ ಹತ್ತು. ಕೆಲಸ ಹಿಡಿದಳು, ಅವನನ್ನು ಓದಿಸಿದಳು. ಓದು ಹತ್ತದಿದ್ದಾಗ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿಸಿದಳು, ಮದುವೆ ಮಾಡಿದಳು. ಮೂರನೆಯ ಮಹಡಿಯಲ್ಲಿ ತಾನು ಕೊಂಡ ಮನೆಯಲ್ಲಿ ಅವನ ಸಂಸಾರವನ್ನೂ ಇಟ್ಟುಕೊಂಡಳು. ತಾನೇಕೆ ಮದುವೆಯಾಗಲಿಲ್ಲ ಎಂದು ಯಾರಿಗೂ ವಿವರಿಸಲಿಲ್ಲ. ರಸ್ತೆಗೆ ಕಿಟಕಿಯಿದ್ದ ಮುಂದಿನ ಕೋಣೆ ಅವಳದಾಗಿತ್ತು. ಅಲ್ಲಿ ಒಂದು ಮಂಚ, ಒಂದು ಮೇಜು, ಮೇಜಿನ ಮೇಲೆ ಹಳೆಯ ಟೈಪ್‌ರೈಟರ್ ಇದ್ದವು.

ಐವತ್ತೊಂದನೆಯ ವಯಸ್ಸಿನಲ್ಲಿ ಕಾಯಿಲೆ ಬಡಿಯಿತು. ಅದು ಅವಳಿಗೆ ಮೊದಲು ಗೊತ್ತಾದದ್ದು ತಲೆಯಲ್ಲಿ ಅಲ್ಲ, ಹಾಳೆಯಲ್ಲಿ. ಒಂದು ಪಾಟೀಸವಾಲು ನಡೆಯುತ್ತಿತ್ತು, ಪೆನ್ಸಿಲು ಓಡುತ್ತಿತ್ತು. ಸಾಲು ಬಲಕ್ಕೆ ಜಾರಿ ಇಳಿಜಾರಾದದ್ದನ್ನು ಅವಳೇ ಕಂಡಳು. ಇದು ಸರಿಯಿಲ್ಲ ಎಂದು ಹೇಳಲು ಬಾಯಿ ತೆರೆದಳು. ಬಂದದ್ದು ಬರೀ ಸದ್ದು. ಆ ಹಾಳೆಯನ್ನು ಟೈಪಿಸ್ಟ್ ಇಂದಿಗೂ ಇಟ್ಟುಕೊಂಡಿದ್ದಾನೆ. ಕೊನೆಯ ಸಾಲಿನವರೆಗೂ ಒಂದು ಮಾತೂ ತಪ್ಪಿಲ್ಲ.

ಆಸ್ಪತ್ರೆಯಿಂದ ಬಂದಾಗ ಕಾಲುಗಳಿಗೆ ಬಲವಿರಲಿಲ್ಲ, ಬಲಗೈ ಮಡಿಲಲ್ಲಿ ಬಿದ್ದಿರುತ್ತಿತ್ತು. ನಾಲಿಗೆ ಮತ್ತು ಗಂಟಲು ಶಾಶ್ವತವಾಗಿ ಹೋಗಿದ್ದವು. ಬಾಯಿಯ ಒಂದು ಮೂಲೆಯಿಂದ ಜೊಲ್ಲು ಇಳಿಯುತ್ತಿತ್ತು. ಇವೆಲ್ಲಕ್ಕಿಂತ ಕೆಟ್ಟದ್ದು ನಗು. ಹೊತ್ತಲ್ಲದ ಹೊತ್ತಿನಲ್ಲಿ, ಯಾರೋ ಸತ್ತ ಸುದ್ದಿ ಹೇಳುವಾಗಲೂ, ಅವಳು ಗಟ್ಟಿಯಾಗಿ ನಗುತ್ತಿದ್ದಳು. ಆ ನಗು ಅವಳದಲ್ಲ, ನರದ್ದು ಎಂದು ವೈದ್ಯರು ಹೇಳಿದ್ದರು. ತಿಳಿವಳಿಕೆಯ ಬಗ್ಗೆ ಈಗಲೇ ಹೇಳಲಾಗದು, ಕಾದು ನೋಡೋಣ ಎಂದಿದ್ದರು. ಮನೆಯವರು ಕಾಯಲಿಲ್ಲ. ನಗುವನ್ನು ನೋಡಿ ತೀರ್ಮಾನ ಮಾಡಿಬಿಟ್ಟರು.

ಎರಡನೆಯ ತಿಂಗಳು ಅವಳ ಮಂಚ ಹಿಂದಿನ ಕೋಣೆಗೆ ಹೋಯಿತು. ಬಚ್ಚಲಿನ ಪಕ್ಕದ ಕೋಣೆ ಅದು. ಒಡೆದ ಕುರ್ಚಿ, ಸೂಟ್‌ಕೇಸು, ಕೊಡೆ ಇಡುತ್ತಿದ್ದ ಜಾಗ. ಬಟ್ಟೆ ಒಗೆಯಲು ಹತ್ತಿರವಾಗುತ್ತದೆ ಎಂಬುದು ಕಾರಣ. ಕಾರಣವೇನೋ ನಿಜವೇ. ಮುಂದಿನ ಕೋಣೆಯ ಮೇಜಿನ ಮೇಲೆ ಟಿವಿ ಬಂತು. ಟೈಪ್‌ರೈಟರನ್ನು ಗುಜರಿಯವನು ಮೆಟ್ಟಿಲ ಮೇಲೆ ಎಳೆದುಕೊಂಡು ಹೋದ. ಮೂರು ಮಹಡಿಯುದ್ದಕ್ಕೂ ಅದರ ಗಂಟೆ ಪ್ರತಿ ಮೆಟ್ಟಿಲಿಗೂ ಟಿಣ್ ಎನ್ನುತ್ತಿದ್ದದ್ದನ್ನು ಅವಳು ಮಲಗಿದಲ್ಲಿಂದ ಎಣಿಸಿದಳು.

ಆ ಹೊತ್ತಿಗಾಗಲೇ ಬಲಗೈಯ ಹೆಬ್ಬೆರಳು ಅಲುಗಲು ಶುರುವಾಗಿತ್ತು. ಅವಳು ಯಾರಿಗೂ ತೋರಿಸಲಿಲ್ಲ. ತೋರಿಸುವುದಾದರೆ ಪೂರ್ತಿ ತೋರಿಸಬೇಕು ಎಂಬ ಹಟ. ಹೊದಿಕೆಯ ಕೆಳಗೆ ತೊಡೆಯ ಮೇಲೆ ಬೆರಳಿನಿಂದ ಗೆರೆ, ಕೊಕ್ಕೆ ಎಳೆಯುತ್ತ ಮೂರು ತಿಂಗಳು ಕಳೆದಳು. ಐದನೆಯ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ತಮ್ಮನ ಮಗಳು, ಹದಿಮೂರರ ಹುಡುಗಿ, ಹಾಲು ಕುಡಿಸಲು ಬಂದಾಗ ಅವಳ ಜೇಬಿನ ಪೆನ್ಸಿಲನ್ನು ಕಣ್ಣಿನಿಂದ ತೋರಿಸಿದಳು. ಹುಡುಗಿ ಪೆನ್ಸಿಲನ್ನೂ ಶಾಲೆಯ ಹಳೇ ನೋಟ್‌ಬುಕ್ಕನ್ನೂ ಕೊಟ್ಟು ಹೋದಳು. ನಾನು ಇಲ್ಲೇ ಇದ್ದೇನೆ ಎಂದು ದಪ್ಪ ಅಕ್ಷರದಲ್ಲಿ ಬರೆದು ತಮ್ಮನಿಗೆ ತೋರಿಸುವುದು ಅವಳ ಯೋಜನೆಯಾಗಿತ್ತು. ತಮ್ಮ ಬಂದ. ಅವನ ಹೆಂಡತಿಯೂ ಬಂದಳು. ಬಾಗಿಲಲ್ಲೇ ನಿಂತರು. ಯಾರೋ ನೆಂಟರು ಬರುವವರಿದ್ದರು, ಅಕ್ಕನನ್ನು ಹೊರಗೆ ಕೂರಿಸಬೇಕೆ ಬೇಡವೆ ಎಂಬ ಮಾತು.

"ಬೇಡ ಬಿಡು," ಎಂದ ತಮ್ಮ. "ಅವಳೀಗ ಅಕ್ಕ ಅಲ್ಲ ಕಣೇ. ಅಕ್ಕನ ಆಕಾರ ಅಷ್ಟೆ."

"ಆಕಾರಕ್ಕೂ ದಿನಾ ನಾನೇ ಬಟ್ಟೆ ಒಗೀಬೇಕಲ್ಲ," ಎಂದಳು ಹೆಂಡತಿ.

ಇಬ್ಬರೂ ನಕ್ಕರು. ಕೆಟ್ಟ ನಗು ಅಲ್ಲ, ದಣಿದವರ ನಗು. ಒಳಗಿನಿಂದ ಅವಳೂ ನಕ್ಕಳು, ಅದು ನರದ್ದು. ಬಾಗಿಲು ಮುಚ್ಚಿದ ಮೇಲೆ ಪೆನ್ಸಿಲು ಹಿಡಿದಳು. ಬರೆಯಬೇಕೆಂದಿದ್ದ ಮಾತನ್ನು ಬರೆಯಲಿಲ್ಲ. ಗೋಡೆಯ ಕ್ಯಾಲೆಂಡರ್ ನೋಡಿ ತಾರೀಖು ಹಾಕಿದಳು, ತಮ್ಮ ಆಡಿದ್ದನ್ನೂ ಅವನ ಹೆಂಡತಿ ಆಡಿದ್ದನ್ನೂ ಶೀಘ್ರಲಿಪಿಯಲ್ಲಿ ಬರೆದುಕೊಂಡಳು. ನಂತರ 'ನಗು, ಮೂವರದು' ಎಂದು ಸೇರಿಸಿದಳು. ಅದು ಮೊದಲ ಹಾಳೆ.

ಆಮೇಲೆ ಹದಿನಾಲ್ಕು ತಿಂಗಳು ಬರೆದಳು. ತನಗೆ ಎಲ್ಲ ತಿಳಿಯುತ್ತದೆ ಎಂದು ಯಾವ ದಿನ ಬೇಕಾದರೂ ತೋರಿಸಿ ಆ ಕೋಣೆಯಿಂದ ಹೊರಗೆ ಬರಬಹುದಿತ್ತು. ಬರಲಿಲ್ಲ. ನಂತರ ಯಾರೋ ಇದನ್ನು ಹುಚ್ಚುತನ ಎಂದರು. ನನಗೆ ಹಾಗನ್ನಿಸುವುದಿಲ್ಲ. ಸಾಕ್ಷಿ ತನ್ನ ಮಾತು ಮುಗಿಸುವವರೆಗೆ ಮಧ್ಯೆ ಬಾಯಿ ಹಾಕಬಾರದು ಎಂಬುದು ಅವಳು ನಮ್ಮಲ್ಲಿ ಕಲಿತ ಪಾಠ.

ಅವಳು ಗೀಚುವುದು ಮನೆಯವರಿಗೆ ಒಂದು ತಮಾಷೆಯಾಯಿತು. ಅಕ್ಕ ತೀರ್ಪು ಬರೀತಿದಾಳೆ ಎಂದು ತಮ್ಮ ನೆಂಟರಿಗೆ ಹೇಳುತ್ತಿದ್ದ. ಕೈಗೊಂದು ಕೆಲಸ, ಗೀಚ್ಲಿ ಬಿಡಿ ಎಂದು ಹೆಂಡತಿ ತಾನೇ ಪೆನ್ಸಿಲು ಚೂಪು ಮಾಡಿ ಕೊಡುತ್ತಿದ್ದಳು. ತುಂಬಿದ ಹಾಳೆಗಳಲ್ಲಿ ಕೆಲವನ್ನು ಅಡುಗೆಮನೆಯ ಕಪಾಟಿಗೆ ಹಾಸಿದಳು, ಎಣ್ಣೆ ಸೀಸೆಯ ಕೆಳಗಿಟ್ಟಳು. ತಾನು ಅಂದದ್ದರ ಮೇಲೇ ಹದಿನಾಲ್ಕು ತಿಂಗಳು ಅಡುಗೆ ಮಾಡಿದಳು. ಉಳಿದ ಹಾಳೆಗಳನ್ನು ಎಸೆಯಲು ಹೋದರೆ ರೋಗಿ ಕಿರುಚುತ್ತಿದ್ದರಿಂದ, ಹುಡುಗಿ ಅವುಗಳನ್ನು ಹಳೇ ಸೂಟ್‌ಕೇಸಿನಲ್ಲಿ ಜೋಡಿಸಿ ಮಂಚದ ಕೆಳಗೆ ತಳ್ಳಿದಳು. ಅತ್ತೆ ನೀರು ಬೇಕಾ, ಅತ್ತೆ ಕಿಟಕಿ ತೆಗೀಲಾ ಎಂದು ಅವಳು ಕೇಳಿದ್ದೆಲ್ಲ ತಾರೀಖಿನ ಸಮೇತ ಅದರಲ್ಲೇ ಇದೆ. ನನ್ನ ಮಾತೂ ಇದೆ. ನಾನು ಒಂದೇ ಒಂದು ಸಲ ನೋಡಲು ಹೋಗಿದ್ದೆ, ಬಾಗಿಲಲ್ಲಿ ನಿಂತು, ಎಂಥ ಬುದ್ಧಿವಂತೆ ಇದ್ದಳು ಎಂದು ಹೇಳಿ ಬಂದಿದ್ದೆ. ಇದ್ದಳು ಎಂದದ್ದು ಹಾಗೆಯೇ ದಾಖಲಾಗಿದೆ. ನನ್ನ ಹೆಸರಿನ ಮುಂದೆ ಯಾವ ರಿಯಾಯಿತಿಯೂ ಇಲ್ಲ.

ಎರಡನೆಯ ವರ್ಷದ ಮೊದಲಲ್ಲಿ ತಮ್ಮ ಒಂದು ಅರ್ಜಿ ಹಾಕಿದ. ಅಕ್ಕನಿಗೆ ಬುದ್ಧಿ ಸ್ವಾಧೀನವಿಲ್ಲ, ತನ್ನನ್ನು ಅವಳ ಪಾಲಕನಾಗಿ ನೇಮಿಸಬೇಕು, ಅವಳನ್ನು ಊರಾಚೆಯ ಆಶ್ರಯಧಾಮಕ್ಕೆ ಸೇರಿಸಲು ಅನುಮತಿ ಕೊಡಬೇಕು. ಆ ಅರ್ಜಿಯನ್ನು ಅವನು ಹೆಂಡತಿಗೆ ಓದಿ ಹೇಳಿದ್ದು ಆ ಕೋಣೆಯ ಬಾಗಿಲಲ್ಲೇ. ಧಾಮದಲ್ಲಿ ಪೆನ್ಸಿಲು ಕೊಡುತ್ತಾರೋ ಇಲ್ಲವೋ ಯಾರಿಗೆ ಗೊತ್ತು. ಅರ್ಜಿ ಮಂಜೂರಾದರೆ ಅವಳ ಹೆಸರಿನಲ್ಲಿ ಇನ್ನು ಮುಂದೆ ತಮ್ಮನೇ ಮಾತಾಡುತ್ತಾನೆ. ಅವಳು ಕಾನೂನಿನ ಪ್ರಕಾರವೂ ಬರೀ ಆಕಾರ. ಇದೆಲ್ಲ ಅವಳಿಗಿಂತ ಚೆನ್ನಾಗಿ ಆ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಅಂಥ ನೂರಾರು ಆದೇಶಗಳನ್ನು ಅವಳೇ ಬರೆದುಕೊಂಡಿದ್ದಳು.

ಅರ್ಜಿಗೆ ಒಬ್ಬ ಸಾಕ್ಷಿ ಬೇಕಿತ್ತು. ಕಚೇರಿಯಲ್ಲಿ ಜೊತೆಗಿದ್ದವರು ಯಾರಾದರೂ ಬಂದು, ಇವಳಿಗೆ ನನ್ನ ಗುರುತು ಸಿಗುತ್ತಿಲ್ಲ ಎಂಬ ಹೇಳಿಕೆಗೆ ಸಹಿ ಹಾಕಬೇಕು. ತಮ್ಮ ಯೋಚಿಸಿ, ಇದ್ದವರಲ್ಲಿ ಎಲ್ಲರಿಗಿಂತ ಮೆತ್ತಗಿನವನನ್ನು ಆರಿಸಿದ. ಟೈಪಿಸ್ಟನಿಗೆ ಆ ಹೊತ್ತಿಗೆ ಕಣ್ಣು ಬಹಳ ಮಂಜಾಗಿತ್ತು. ತಮ್ಮ ಅವನನ್ನು ತನ್ನ ಅಂಗಡಿಗೆ ಕರೆಸಿ, ಕಣ್ಣು ಪರೀಕ್ಷೆ ಮಾಡಿಸಿ, ಒಳ್ಳೆಯ ಗಾಜಿನ ಹೊಸ ಕನ್ನಡಕವನ್ನು ವಿಶ್ವಾಸಕ್ಕೆಂದು ಕೊಟ್ಟ. ಹಾಗೆಯೇ ಈ ಒಂದು ಉಪಕಾರವನ್ನೂ ಕೇಳಿದ. ಅವಳ ಬರಹವನ್ನು ಓದಬಲ್ಲ ಒಬ್ಬನೇ ಮನುಷ್ಯನನ್ನು ಹುಡುಕಿ, ಓದುವ ಕಣ್ಣನ್ನೂ ಕೊಟ್ಟು, ಮನೆಗೆ ಕರೆದುಕೊಂಡು ಬಂದ.

ಟೈಪಿಸ್ಟ್ ಬರುವ ಸುದ್ದಿ ಅವಳಿಗೆ ಹಿಂದಿನ ದಿನವೇ ಬಾಗಿಲಾಚೆಯಿಂದ ತಿಳಿದಿತ್ತು. ಬೆಳಿಗ್ಗೆ ಒಂದು ಹಾಳೆ ಬರೆದಳು. ಅವಳನ್ನು ಗಾಲಿಕುರ್ಚಿಯಲ್ಲಿ ಹಜಾರಕ್ಕೆ ತಂದು ಕೂರಿಸಿದ್ದರು. ತಮ್ಮನ ಹೆಂಡತಿ ಬಣ್ಣ ಹೋದ ತಟ್ಟೆಗೆ ಹಾಸಲು ಕಾಗದ ಹುಡುಕುತ್ತಿದ್ದಳು. ಇವಳು ಮಡಿಲಿನ ಹಾಳೆಯನ್ನು ಚಾಚಿದಳು.

"ನೋಡಿ, ಅತ್ತಿಗೆ ತಾವೇ ಕೊಟ್ರು," ಎಂದು ಹೆಂಡತಿ ಬಂದವನ ಎದುರು ನಕ್ಕಳು. "ಒಳ್ಳೆ ಚಿತ್ತಾರದ ಹಾಗಿದೆ." ಅದರ ಮೇಲೆ ಬಿಸ್ಕೆಟ್ ಜೋಡಿಸಿ ಮುಂದಿಟ್ಟಳು.

ಟೈಪಿಸ್ಟ್ ಒಂದು ಬಿಸ್ಕೆಟ್ ತೆಗೆದುಕೊಂಡ. ಅದರ ಕೆಳಗೆ ಒಂದು ಸಾಲು ಕಂಡಿತು. 'ಇದು ಓದಲು ಬಂದರೆ ಮುಖ ಬದಲಿಸಬೇಡಿ. ಬಿಸ್ಕೆಟ್ ತಿನ್ನಿ.'

ಅವನು ತಿಂದ. ಉಳಿದದ್ದನ್ನು ಓದಬೇಕಾದರೆ ಉಳಿದ ಬಿಸ್ಕೆಟ್ ಖಾಲಿಯಾಗಬೇಕಿತ್ತು. ಸಕ್ಕರೆ ಕಾಯಿಲೆಯ ಮನುಷ್ಯ ಒಂಬತ್ತು ಬಿಸ್ಕೆಟ್ ತಿಂದು, ಒಂದೊಂದೇ ಸಾಲು ಬಿಡಿಸಿಕೊಂಡ. 'ನನಗೆ ಎಲ್ಲ ತಿಳಿಯುತ್ತದೆ. ಇಲ್ಲಿ ಸಹಿ ಹಾಕಬೇಡಿ. ವಿಚಾರಣೆಯ ದಿನ ಬಂದೇ ಹೇಳುತ್ತೇನೆ ಎನ್ನಿ. ಮಂಚದ ಕೆಳಗೆ ಸೂಟ್‌ಕೇಸ್ ಇದೆ. ವಿಚಾರಣೆ ನಿಲ್ಲಿಸಬೇಡಿ. ನಡೆಯಲಿ.' ತಮ್ಮನ ಹೆಂಡತಿ ಸಂತೋಷದಿಂದ ಇನ್ನಷ್ಟು ತರಲು ಒಳಗೆ ಹೋದಳು. ತಮ್ಮನಿಗೆ, ಸಹಿಗಿಂತ ಸಾಕ್ಷಿಯೇ ಖುದ್ದಾಗಿ ಬರುವುದು ಇನ್ನೂ ಒಳ್ಳೆಯದೆನಿಸಿತು.

ಅದೇ ಸಂಜೆ ಟೈಪಿಸ್ಟ್ ನನ್ನ ಮನೆಗೆ ಬಂದ. ತಟ್ಟೆಯಿಂದ ಎತ್ತಿ ಜೇಬಿಗೆ ಸೇರಿಸಿದ್ದ, ಬಿಸ್ಕೆಟಿನ ಜಿಡ್ಡು ಹೀರಿದ ಆ ಹಾಳೆಯನ್ನು ಮೇಜಿನ ಮೇಲೆ ಹರಡಿ ಓದಿ ಹೇಳಿದ. ನಾನು ಒಂದು ಫೋನ್ ಮಾಡಿದ್ದರೆ ಆ ಅರ್ಜಿ ಮರುದಿನವೇ ಬಿದ್ದುಹೋಗುತ್ತಿತ್ತು. ನಾನು ಮಾಡಲಿಲ್ಲ. ಅವಳು ನಡೆಯಲಿ ಎಂದಿದ್ದಳು, ನನಗೂ ನಡೆಯಲಿ ಎಂದೇ ಅನ್ನಿಸಿತು.

ವಿಚಾರಣೆ ಇದ್ದದ್ದು ಅವಳು ಕೆಲಸ ಮಾಡಿದ ಕಟ್ಟಡದ ಎರಡನೆಯ ಮಹಡಿಯಲ್ಲಿ. ಆ ದಿನ ಲಿಫ್ಟ್ ಕೆಟ್ಟಿತ್ತು. ಇಬ್ಬರು ಜವಾನರು ಅವಳನ್ನು ಕುರ್ಚಿ ಸಮೇತ ಎತ್ತಿಕೊಂಡು ಹೋದರು. ಅವಳು ಸೂಟ್‌ಕೇಸ್ ಬಿಟ್ಟು ಬರಲು ಒಪ್ಪದೆ ಕಿರುಚಿದ್ದರಿಂದ ತಮ್ಮ ಅದನ್ನು ಹೊತ್ತುಕೊಂಡು ಹಿಂದೆ ಬಂದ. ಭಾರ ಜೋರಿತ್ತು. ಮಧ್ಯೆ ಎರಡು ಸಲ ನಿಂತು ಕೈ ಬದಲಿಸಿದ. ನಾನು ಮೇಲಿನ ಪಡಸಾಲೆಯಲ್ಲಿ ನಿಂತು ಅದನ್ನು ನೋಡಿದೆ, ತೃಪ್ತಿಯಿಂದಲೇ ನೋಡಿದೆ. ಅವರ ಹಿಂದೆಯೇ ಒಳಗೆ ಹೋಗಿ ಕೂತೆ.

ವಿಚಾರಣಾಧಿಕಾರಿ ಚಿಕ್ಕ ವಯಸ್ಸಿನವನು, ಕೆಟ್ಟವನಲ್ಲ, ಅವಸರದವನು. ಅವಳ ಹೆಸರು ಕೇಳಿದ. ಗಂಟಲಿನಿಂದ ಸದ್ದು ಬಂತು. ಇದು ಯಾವ ಊರು ಎಂದು ಕೇಳಿದ, ಅವಳು ನಕ್ಕಳು. ನಗುತ್ತಲೇ ಮಡಿಲಿನ ನೋಟ್‌ಬುಕ್ಕಿನಲ್ಲಿ ಪೆನ್ಸಿಲು ಓಡಿಸುತ್ತಿದ್ದಳು. ಆ ಪೆಟ್ಟಿಗೆಯಲ್ಲಿ ಏನಿದೆ ಎಂದು ಕೇಳಿದಾಗ ತಮ್ಮ, ಹಳೇ ಕಾಗದ ಸಾರ್, ಮಕ್ಕಳು ಗೊಂಬೆ ಹಿಡ್ಕೊಂಡ ಹಾಗೆ, ಸಮಾಧಾನಕ್ಕೆ ಎಂದ. ಅವನ ದನಿಯಲ್ಲಿ ದುಃಖವಿತ್ತು. ನಟನೆ ಎಂದು ನಾನು ಹೇಳುವುದಿಲ್ಲ. ಅವನ ಹೆಂಡತಿ ಸೆರಗಿನಿಂದ ರೋಗಿಯ ಬಾಯಿ ಒರೆಸಿದಳು. ಹುಡುಗಿ ಗೋಡೆಗೆ ಒರಗಿ ನಿಂತಿದ್ದಳು.

ಕೊನೆಗೆ ಟೈಪಿಸ್ಟನನ್ನು ಕರೆದರು. ಇವರಿಗೆ ನಿಮ್ಮ ಗುರುತು ಸಿಗುತ್ತದೆಯೇ ಎಂದು ಅಧಿಕಾರಿ ಕೇಳಿದ.

"ಅದನ್ನ ಅವರೇ ಹೇಳ್ತಾರೆ ಸಾರ್," ಎಂದ ಟೈಪಿಸ್ಟ್. "ಆ ನೋಟ್‌ಬುಕ್ ಇತ್ಲಾಗಿ ಕೊಡಿಸ್ತೀರಾ?"

ಅವನು ಹೊಸ ಕನ್ನಡಕ ಏರಿಸಿ, ಕಚೇರಿಯಲ್ಲಿ ದಾಖಲೆ ಓದುವ ಏರಿಳಿತವಿಲ್ಲದ ದನಿಯಲ್ಲಿ ಓದತೊಡಗಿದ. ಅರ್ಧ ಗಂಟೆಯಿಂದ ಆ ಕೋಣೆಯಲ್ಲಿ ಯಾರು ಏನು ಆಡಿದ್ದರೋ ಅದೆಲ್ಲವೂ ಬಂತು. ಪ್ರಶ್ನೆ ಬಂತು, ಅವಳ ಸದ್ದು 'ಉತ್ತರ: ಸದ್ದು' ಎಂದು ಬಂತು, ಗೊಂಬೆಯ ಮಾತು ಬಂತು. ಮೊಟ್ಟಮೊದಲ ಸಾಲು ಅಧಿಕಾರಿ ಗುಮಾಸ್ತನ ಕಿವಿಯಲ್ಲಿ ಹೇಳಿದ್ದು: "ಊಟದ ಒಳಗೆ ಇದೊಂದು ಮುಗಿಸಿಬಿಡೋಣ ಕಣಯ್ಯಾ."

ಅಧಿಕಾರಿ ನೆಟ್ಟಗೆ ಕೂತ. ತಮ್ಮ ಅಕ್ಕನನ್ನು ನೋಡಿದ. ಹತ್ತೊಂಬತ್ತು ತಿಂಗಳಲ್ಲಿ ಅವನು ಅವಳ ಮುಖವನ್ನು ನೆಟ್ಟ ಕಣ್ಣಿನಿಂದ ನೋಡಿದ್ದು ಅದೇ ಮೊದಲು ಎಂದು ಕಾಣುತ್ತದೆ. ಅವಳು ನಗುತ್ತಿದ್ದಳು. ಆ ಸಲದ ನಗು ನರದ್ದೋ ಅವಳದೋ, ಯಾವ ವೈದ್ಯನೂ ಹೇಳಲಾರ.

ಸೂಟ್‌ಕೇಸ್ ತೆರೆದರು. ಟೈಪಿಸ್ಟ್ ಮೊದಲ ಹಾಳೆಯಿಂದ ಶುರುಮಾಡಿದ. ಆಕಾರದ ಮಾತು. ಬಟ್ಟೆ ಒಗೆಯುವ ಮಾತು. ನೆಂಟರು ಬಂದಾಗ ಹೊರಗಿನಿಂದ ಚಿಲಕ ಹಾಕಿದ ದಿನಗಳು. ಇದು ಸತ್ತರೂ ಗೊತ್ತಾಗಲ್ಲ, ನಗ್ತಾನೇ ಇರತ್ತೆ ಎಂದು ತಮ್ಮನ ಹೆಂಡತಿ ಪಕ್ಕದ ಮನೆಯವಳಿಗೆ ಹೇಳಿದ್ದು. ಬೇಗ ಕರೆಸಿಕೊಂಡ್ರೆ ದೇವರೂ ದೊಡ್ಡೋನು ಎಂದು ತಮ್ಮ ಫೋನಿನಲ್ಲಿ ಹೇಳಿದ್ದು. ತಟ್ಟೆಯಲ್ಲಿ ಮಿಕ್ಕಿದ್ದನ್ನು ಯಾರು ತಿನ್ನಬೇಕು ಎಂಬ ಜಗಳ. ನಡುನಡುವೆ ಬೇರೊಂದು ದನಿ: ಅತ್ತೆ ನೀರು ಬೇಕಾ. ಟೈಪಿಸ್ಟ್ ಎಲ್ಲವನ್ನೂ ಒಂದೇ ದನಿಯಲ್ಲಿ ಓದಿದ. ಬಯ್ಯುತ್ತ ಓದಿದ್ದರೆ ಅವರು ತಡೆದುಕೊಳ್ಳುತ್ತಿದ್ದರೇನೋ.

ತಮ್ಮ ಮಧ್ಯೆ ಎದ್ದು ಸಾಕು ಎಂದು ಹೇಳಿ ಸಾರ್ ಎಂದ. ಅಧಿಕಾರಿ ಅವಳ ಕಡೆ ತಿರುಗಿ, ನಿಲ್ಲಿಸಬೇಕೇ ಎಂದು ಮೊದಲ ಸಲ ಅವಳನ್ನೇ ಕೇಳಿದ. ಕಾಯಿಲೆ ಬಿದ್ದ ಮೇಲೆ ಮೊದಲ ಬಾರಿಗೆ ಅವಳು ಎಲ್ಲರೂ ಓದಬಲ್ಲ ಅಕ್ಷರದಲ್ಲಿ ಬರೆದು ಎತ್ತಿ ಹಿಡಿದಳು: ಓದಲಿ.

ನಲವತ್ತು ಹಾಳೆಯ ಹೊತ್ತಿಗೆ ಊಟದ ಸಮಯ ದಾಟಿತ್ತು. ಅಧಿಕಾರಿ ಇಷ್ಟು ಸಾಕೆಂದು ಹೇಳಿ, ಅರ್ಜಿಯನ್ನು ಅಲ್ಲೇ ವಜಾ ಮಾಡಿದ. ನಂತರ ತಗ್ಗಿದ ದನಿಯಲ್ಲಿ ಅವಳನ್ನು, ಇವರನ್ನೆಲ್ಲ ನಿಮ್ಮ ಮನೆಯಿಂದ ಬಿಡಿಸಿಕೊಡಬೇಕೇ ಎಂದು ಕೇಳಿದ. ತಮ್ಮ ತಲೆ ತಗ್ಗಿಸಿ ಕಾದ. ಅವಳು ನಿಧಾನವಾಗಿ ಬರೆದಳು: ಬೇಡ. ನನ್ನ ಜೊತೆಯಲ್ಲೇ ಇರಲಿ.

ಅಧಿಕಾರಿಯ ಕಣ್ಣು ಒದ್ದೆಯಾಯಿತು. ಎಷ್ಟಾದರೂ ಹೆತ್ತ ತಾಯಿಯ ಹಾಗೆ ಸಾಕಿದವರು ಎಂದು ನನಗೆ ಹೇಳಿದ. ಹನ್ನೊಂದು ವರ್ಷ ಅವಳ ಪೆನ್ಸಿಲಿನ ಎದುರು ಕೂತವಳು ನಾನು. ಅದು ದೊಡ್ಡ ಮನಸ್ಸಲ್ಲ ಎಂದು ನನಗೆ ತಿಳಿದಿತ್ತು.

ಅವಳು ಮುಂದಿನ ಕೋಣೆಗೆ ಹಿಂತಿರುಗಿದಳು. ಟಿವಿ ಹಿಂದಿನ ಕೋಣೆಗೆ ಹೋಯಿತು. ಮನೆಯಲ್ಲಿ ಇರುವವರಿಗೆ ಅವಳು ಹಾಕಿದ ಷರತ್ತು ಒಂದೇ. ದಿನಾ ಸಂಜೆ ಆರು ಗಂಟೆಗೆ, ಅಂಗಡಿಯಿಂದ ಬಂದ ತಮ್ಮ ಅವಳ ಎದುರಿನ ಕುರ್ಚಿಯಲ್ಲಿ ಕೂತು ಒಂದು ಹಾಳೆ ಗಟ್ಟಿಯಾಗಿ ಓದಬೇಕು. ಟೈಪಿಸ್ಟ್ ವಾರಕ್ಕೆ ಏಳು ಹಾಳೆ ಟೈಪ್ ಮಾಡಿ ತರುತ್ತಿದ್ದ. ಮೊದಲ ದಿನದಿಂದ, ಬಿಡದೆ, ಒಂದು ದಿನಕ್ಕೆ ಒಂದು. ಹದಿನಾಲ್ಕು ತಿಂಗಳು ಆಡಿದ್ದನ್ನು ಹದಿನಾಲ್ಕು ತಿಂಗಳು ಓದಬೇಕು. ಅವನು ಓದಿ ಮುಗಿಸಿದ ಮೇಲೆ ಅವಳು ಹಾಳೆಯ ಮೂಲೆಯಲ್ಲಿ ಕೆಂಪು ಪೆನ್ಸಿಲಿನಲ್ಲಿ ಒಂದು ಗುರುತು ಹಾಕುತ್ತಿದ್ದಳು.

ಮೊದಲ ವಾರ ಅವನು ಒಂದು ಸಂಜೆ ಗಂಟಲು ನೋವೆಂದ. ಅವಳು ತನ್ನ ಗಂಟಲನ್ನು ಮುಟ್ಟಿ ತೋರಿಸಿದಳು. ಅವನು ಓದಿದ. ಅವನ ಹೆಂಡತಿಗೂ ಕೂತು ಕೇಳುವ ಅಪ್ಪಣೆಯಿತ್ತು. ತನ್ನ ಮಾತು ಗಂಡನ ಬಾಯಲ್ಲಿ ಬರುವುದನ್ನು ಅವಳು ನೆಲ ನೋಡುತ್ತ ಕೇಳುತ್ತಿದ್ದಳು. ಕ್ರಮೇಣ ಆ ಮನೆಯಲ್ಲಿ ಮಾತೇ ನಿಂತುಹೋಯಿತು. ಉಪ್ಪು ಬೇಕಾದರೆ ಕೈ ತೋರಿಸುವರು, ಮಗಳನ್ನು ಕರೆಯಲು ಬಾಗಿಲು ತಟ್ಟುವರು. ಏಕೆಂದರೆ ಅವಳ ಮಡಿಲಲ್ಲಿ ನೋಟ್‌ಬುಕ್ ಇನ್ನೂ ಇತ್ತು. ಮೊದಲಿನಂತೆ ಮಾತಾಡುತ್ತಿದ್ದವಳು ಹುಡುಗಿ ಒಬ್ಬಳೇ. ಅವಳಿಗೆ ಹೆದರುವಂಥದ್ದು ಏನೂ ಹಾಳೆಯಲ್ಲಿರಲಿಲ್ಲ. ಅವಳು ಅತ್ತೆಯ ಪಕ್ಕ ಕೂತು ಗೆರೆ, ಕೊಕ್ಕೆ ಕಲಿಯತೊಡಗಿದ್ದಳು.

ಒಮ್ಮೆ ನಾನು ಟೈಪಿಸ್ಟನನ್ನು, ಇದು ಸಾಕಲ್ಲವೇ, ನೀವು ಟೈಪ್ ಮಾಡುವುದನ್ನು ನಿಲ್ಲಿಸಿದರೆ ನಿಲ್ಲುತ್ತದಲ್ಲ ಎಂದು ಕೇಳಿದೆ. ಅವನು ಕನ್ನಡಕ ತೆಗೆದು ಒರೆಸಿದ.

"ನಿಲ್ಲಿಸಬಾರದು ಮೇಡಂ," ಎಂದ. "ನೂರಾ ಹನ್ನೆರಡನೇ ಹಾಳೇಲಿ ಬೇರೆ ಏನೋ ಇದೆ. ಅದು ಇರೋದು ಅವನಿಗೆ ಗೊತ್ತಿಲ್ಲ. ಬಿಟ್ಟುಬಿಡ್ಲಾ ಅಂತ ಅವರನ್ನ ಕೇಳಿದೆ. ನನ್ನ ಕೈ ಮೇಲೆ ಪೆನ್ಸಿಲಲ್ಲಿ ಹೊಡೆದ್ರು."

ಮುಂದೆ ಒಂದು ಬುಧವಾರ ಬರಬೇಕೆಂದು ಅವಳು ನನಗೆ ಚೀಟಿ ಕಳಿಸಿದಳು. ನನ್ನ ಮಾತಿನ ಹಾಳೆಯೇ ಇರಬೇಕು ಎಂದುಕೊಂಡು ಹೋದೆ. ಅದು ಹಿಂದಿನ ವಾರವೇ ಓದಿ ಆಗಿತ್ತಂತೆ. ತಮ್ಮ ಕೈಕಾಲು ತೊಳೆದು ಬಂದು ಕುರ್ಚಿಯಲ್ಲಿ ಕೂತ. ಇಷ್ಟು ದಿನಗಳಲ್ಲಿ ಅವನಿಗೆ ಟೈಪಿಸ್ಟನ ದನಿಯೇ ಬಂದುಬಿಟ್ಟಿತ್ತು, ಏರಿಳಿತವಿಲ್ಲದ್ದು. ತಾರೀಖು ಓದಿದ. ಮಧ್ಯಾಹ್ನ, ಮನೆಯಲ್ಲಿ ತಮ್ಮ ಒಬ್ಬನೇ ಎಂದು ಓದಿದ. ಮುಂದೆ ಓದಿದ್ದು ಇದು:

"ಅಕ್ಕಾ, ನಿನಗೆ ತಿಳಿಯಲ್ಲ ಅನ್ನೋ ಧೈರ್ಯದ ಮೇಲೆ ಹೇಳ್ತಿದೀನಿ. ನಾನು ಹತ್ತನೇ ಕ್ಲಾಸು ಫೇಲಾದಾಗ ನೀನು ಬೈಲಿಲ್ಲ. ಅಂಗಡಿಗೆ ಕರ್ಕೊಂಡು ಹೋಗಿ ಶೂ ಕೊಡಿಸಿದೆ. ಪಾಸಾದೋರಿಗೆ ಯಾರು ಬೇಕಾದ್ರೂ ಕೊಡಿಸ್ತಾರೆ ಅಂದೆ. ಈಗ ನಿನ್ನ ಬಾಯಿ ಒರೆಸೋಕೆ ನನಗೆ ಅಸಹ್ಯ ಆಗುತ್ತೆ ಅಕ್ಕಾ. ಅಸಹ್ಯ ಆಗುತ್ತಲ್ಲ ಅಂತ ನನ್ನ ಮೇಲೇ ಅಸಹ್ಯ. ನೀನು ಇದ್ದಿದ್ರೆ ಕೇಳ್ತಿದ್ದೆ, ಏನು ಮಾಡ್ಲಿ ಅಂತ. ನಿನ್ನನ್ನ ಬಿಟ್ಟು ಯಾರನ್ನೂ ಕೇಳಿ ಗೊತ್ತಿಲ್ಲ ನನಗೆ."

ಅದರ ಕೆಳಗೆ ಆವರಣದಲ್ಲಿ 'ಅಳು, ಒಬ್ಬನದು' ಎಂದಿತ್ತು. ಅವನು ಅದನ್ನೂ ಓದಿದ. ಅವನ ಹೆಂಡತಿ ತಲೆ ಎತ್ತಿ ಗಂಡನನ್ನು ನೋಡಿದಳು. ಇದು ಅವಳಿಗೂ ಗೊತ್ತಿರಲಿಲ್ಲ.

"ಇದನ್ನೂ ಬರ್ಕೊಂಡಿದ್ಯಾ," ಎಂದ ಅವನು. ಗಂಟಲು ನೋವೆಂದದ್ದು ಬಿಟ್ಟರೆ, ಹಾಳೆಯಲ್ಲಿಲ್ಲದ ಮಾತನ್ನು ಅವಳ ಎದುರು ಅವನು ಆಡಿದ್ದು ನೂರಾ ಹನ್ನೆರಡು ದಿನಗಳಲ್ಲಿ ಅದೊಂದೇ.

ಅವಳು ಕೆಂಪು ಪೆನ್ಸಿಲನ್ನು ಎತ್ತಲಿಲ್ಲ. ಬೆರಳನ್ನು ಸುತ್ತು ತಿರುಗಿಸಿ ತೋರಿಸಿದಳು. ಇನ್ನೊಮ್ಮೆ ಓದು. ಅವನು ಮತ್ತೆ ಓದಿದ, ಶೂ ಕೊಡಿಸಿದ ಸಾಲಿನಲ್ಲಿ ತಡೆದು, ಮತ್ತೆ ಮುಂದುವರಿದು. ಅವಳು ಕಣ್ಣು ಮುಚ್ಚಿ ಕೇಳಿದಳು. ಜೊಲ್ಲು ಗಲ್ಲದವರೆಗೆ ಇಳಿದಿತ್ತು. ಅವನು ಎದ್ದು, ಹೆಂಡತಿಯನ್ನೂ ಮಗಳನ್ನೂ ಕರೆಯದೆ, ತನ್ನ ಕರವಸ್ತ್ರದಿಂದ ಒರೆಸಿದ. ಅವಳು ಒರೆಸಿಸಿಕೊಂಡಳು. ಆಮೇಲೆ ಗುರುತು ಹಾಕಿದಳು.

ಕ್ಷಮಿಸಿದಳೇ ಎಂದು ಕೇಳುವವರಿಗೆ ನಾನು ಮರುದಿನದ ಹಾಳೆಯ ವಿಷಯ ಹೇಳುತ್ತೇನೆ. ಅಂದು ಒಬ್ಬನೇ ಕೂತು ಅಷ್ಟು ಅತ್ತವನು ಅದರ ಮಾರನೆಯ ದಿನವೇ ಅಂಗಡಿಯಿಂದ ಬರುವಾಗ ಆ ಹಿಂದಿನ ಕೋಣೆಗೆ ದೊಡ್ಡದೊಂದು ಹೊಸ ಚಿಲಕ ತಂದಿದ್ದ. ಮೊಳೆ ಹೊಡೆಯುತ್ತ ಹೆಂಡತಿಯೊಡನೆ ಏನೇನು ಆಡಿದ್ದನೋ ಅದು ನೂರಾ ಹದಿಮೂರನೆಯದರಲ್ಲಿತ್ತು.

ಅದನ್ನೂ ಓದಿಸಿದಳು.